ದ್ವೀಪದ ವಿಮಾನ ತಪ್ಪಿದ ಅತಿಥಿ

ಲಾಸ್ ಏಂಜಲಿಸ್ ವಿಮಾನ ನಿಲ್ದಾಣದಲ್ಲಿ ನಾನು ಕೆಲಸ ಮಾಡುವುದು ಶಾಂತ ಸಾಗರದ ನಡುವಿನ ಒಂದು ಪುಟ್ಟ ದ್ವೀಪ ದೇಶದ ವಿಮಾನ ಕಂಪನಿಯಲ್ಲಿ. ನಾವಿರುವ ಟೊರೆನ್ಸ್‌ನಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಹೋದಾಗ ಇದನ್ನು ಹೇಳಿದರೆ ಎದುರಿನವರು, "ಆ ದೇಶಕ್ಕೂ ಒಂದು ಏರ್‌ಲೈನ್ ಇದೆಯಾ?" ಎನ್ನುತ್ತಾರೆ. ಇದೆ. ಇಡೀ ದೇಶದ ಜನ ಸೇರಿದರೆ ನಮ್ಮ ಮೈಸೂರಿನಷ್ಟಾಗಬಹುದು. ಆದರೂ ಸಾಗರ ದಾಟಿ ಇಲ್ಲಿಗೆ ಬಂದಿಳಿಯುವ ಅವರದೇ ದೊಡ್ಡ ವಿಮಾನಗಳಿವೆ. ದ್ವೀಪದವರು ಅದನ್ನು ಕಂಪನಿ ಎನ್ನುವುದಿಲ್ಲ. "ನಮ್ಮ ವಿಮಾನ" ಎನ್ನುತ್ತಾರೆ, ನಾವು "ನಮ್ಮ ಹಸು" ಎನ್ನುವ ಹಾಗೆ.

೨೦೨೦ರ ಮಾರ್ಚ್‌ನಲ್ಲಿ ಎಲ್ಲರ ವಿಮಾನಗಳೂ ನಿಂತಂತೆ ನಮ್ಮವೂ ನಿಂತವು. ದ್ವೀಪ ಬದುಕಿದ್ದೇ ಪ್ರವಾಸಿಗಳಿಂದ. ಅವರು ಬರುವುದು ನಿಂತ ಮೇಲೆ ಕಂಪನಿಯ ಎಷ್ಟೋ ಜನ ಕೆಲಸ ಕಳೆದುಕೊಂಡು ತಮ್ಮ ಹಳ್ಳಿಗೆ ಹೋಗಿ ಗೆಣಸು ನೆಟ್ಟರು. ಲಾಸ್ ಏಂಜಲಿಸ್‌ನಲ್ಲಿ ಉಳಿದವರು ಇಬ್ಬರೇ: ನಮ್ಮ ಸ್ಟೇಷನ್ ಮ್ಯಾನೇಜರ್ ಮೇಡಂ ಮತ್ತು ನಾನು. ಮೇಡಂ ದ್ವೀಪದವರು, ಅರವತ್ತರ ಹತ್ತಿರ ಬಂದವರು. ನಗುವುದಾದರೂ ಬೈಯುವುದಾದರೂ ಪಕ್ಕದ ಕಂಪನಿಯ ಕೌಂಟರಿನವರೆಗೆ ಕೇಳಿಸುತ್ತಿತ್ತು.

ನಾವಿಬ್ಬರು ಉಳಿದದ್ದು ಮೀನಿನಿಂದ. ಜನರನ್ನು ತರುವಾಗಲೂ ನಮ್ಮ ವಿಮಾನದ ಹೊಟ್ಟೆಯಲ್ಲಿ ಮಂಜುಗಡ್ಡೆ ತುಂಬಿದ ಡಬ್ಬಗಳಲ್ಲಿ ದೊಡ್ಡ ದೊಡ್ಡ ಟ್ಯೂನಾ ಮೀನು ಬರುತ್ತಿತ್ತು. ಹಿಂದಿನ ದಿನ ಸಮುದ್ರದಲ್ಲಿದ್ದದ್ದು ಮರುದಿನ ಇಲ್ಲಿನ ಜಪಾನಿ ಹೋಟೆಲುಗಳ ತಟ್ಟೆಯಲ್ಲಿರುತ್ತಿತ್ತು. ಜನ ನಿಂತರೂ ಮೀನು ನಿಲ್ಲಲಿಲ್ಲ. ಆಗೊಮ್ಮೆ ಈಗೊಮ್ಮೆ ಖಾಲಿ ಸೀಟುಗಳ ವಿಮಾನವೊಂದು ಬರೀ ಮೀನು ಹೊತ್ತು ಬರುತ್ತಿತ್ತು. ಅದನ್ನು ಇಳಿಸಿಕೊಂಡು ಗೋದಾಮಿಗೆ ಕಳಿಸುವುದು ನಮ್ಮ ಕೆಲಸ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ಮನೆಗೆ ಬಂದು ಗರಾಜಿನಲ್ಲೇ ಬೂಟು ಕಳಚಿ, ಹಿಂಬಾಗಿಲಿನಿಂದ ನೇರ ಬಚ್ಚಲಿಗೆ ಹೋಗುತ್ತಿದ್ದೆ.

"ಬಂದ್ಲು ಬೆಸ್ತರ ಹುಡುಗಿ," ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು.

ಅಮ್ಮ ಆ ವರ್ಷದ ಫೆಬ್ರವರಿಯಲ್ಲಿ ಮೈಸೂರಿನಿಂದ ಬಂದಿದ್ದಳು. ಬೇಸಿಗೆ ಮುಗಿಸಿಕೊಂಡು ಹೊರಡುತ್ತೇನೆ ಎಂದವಳು ಇಲ್ಲೇ ಉಳಿದಳು. ಅಪ್ಪ ಹೋದ ಮೇಲೂ ಗೆಳತಿಯರು, ಭಜನೆ, ಹೂವಿನ ಮಾರ್ಕೆಟ್ಟು ಎಂದು ಊರಿನಲ್ಲಿ ಸುಖವಾಗಿದ್ದವಳು. ಇಲ್ಲಿ ಕಿಟಕಿ ಹತ್ತಿರ ಕುಳಿತು, ಬೀದಿಯಲ್ಲಿ ನಾಯಿ ಕರೆದುಕೊಂಡು ಹೋಗುವವರನ್ನು ನೋಡಿ, "ಇವತ್ತು ಆ ಕರಿ ನಾಯಿ ಬರಲೇ ಇಲ್ಲ ಕಣೇ," ಎನ್ನುವಷ್ಟಕ್ಕೆ ಅವಳ ಲೋಕ ಸಣ್ಣದಾಯಿತು.

ಆಫೀಸಿನ ಫೋನಿಗೆ ಆ ದಿನಗಳಲ್ಲಿ ಬರುತ್ತಿದ್ದುದೆಲ್ಲ ಊರಿಗೆ ಹೋಗಲಾಗದೆ ಸಿಕ್ಕಿಕೊಂಡವರ ಕರೆ. ಅಳುವವರು, ರೇಗುವವರು. ಒಬ್ಬರು ಮಾತ್ರ ಬೇರೆ ಥರ. ಸ್ಯಾನ್ ಡಿಯೇಗೋದಿಂದ, ಪ್ರತಿ ಮಂಗಳವಾರ. ಕಂಪನಿಯಲ್ಲೇ ದುಡಿದು, ವಿಮಾನದೊಳಗೆ ಪ್ರಯಾಣಿಕರನ್ನು ನೋಡಿಕೊಳ್ಳುವವರ ಮುಖ್ಯಸ್ಥರಾಗಿ, ಅಂದರೆ ಚೀಫ್ ಸ್ಟೀವರ್ಡ್ ಆಗಿ ನಿವೃತ್ತರಾದವರು. ಅಲ್ಲಿ ನರ್ಸ್ ಆಗಿರುವ ಮಗಳ ಬಾಣಂತನಕ್ಕೆ, ಹೆಂಡತಿಗೆ ಮೊಣಕಾಲು ನೋವೆಂದು, ತಾವೇ ಬಂದಿದ್ದವರು. ಮಗು ನಡೆಯುವುದನ್ನು ಕಲಿತರೂ ಇವರು ಹೊರಡಲು ಆಗಿರಲಿಲ್ಲ. ಅವರು ಒಮ್ಮೆಯೂ "ನನ್ನ ಸೀಟು ಯಾವಾಗ?" ಎಂದು ಕೇಳಲಿಲ್ಲ. "ಈ ವಾರ ವಿಮಾನ ಬಂತಾ? ಪೈಲಟ್ ಯಾರು? ಹುಡುಗರು ಊಟ ಮಾಡಿದರಾ?" ಇಷ್ಟೇ.

ನಾನು ಅವರನ್ನು ಅಂಕಲ್ ಎನ್ನತೊಡಗಿದೆ. ಅವರಿಗೂ ಅದು ಇಷ್ಟವಾಯಿತು. ಕಂಪನಿಯ ಕತೆಯೆಲ್ಲ ನಾನು ಕೇಳಿದ್ದು ಆ ಮಂಗಳವಾರಗಳಲ್ಲಿ. ಹೊರದೇಶದ ಹಾರಾಟದ ಹುಚ್ಚಿನ ಒಬ್ಬ ಮನುಷ್ಯ ಎರಡು ರೆಕ್ಕೆ ಜೋಡಿಯ ಪುಟ್ಟ ವಿಮಾನವೊಂದನ್ನು ತಂದು, ದ್ವೀಪದಿಂದ ದ್ವೀಪಕ್ಕೆ ಟಪಾಲು, ಕೊಬ್ಬರಿ, ಹೆರಿಗೆ ನೋವಿನ ಹೆಂಗಸರು ಎಂದು ಹೊತ್ತು ತಿರುಗಿದ್ದು. ಅವನು ತೀರಿಕೊಂಡ ಮೇಲೆ ದೊಡ್ಡ ದೇಶದ ಕಂಪನಿ ಅದನ್ನು ಕೊಂಡದ್ದು. ಸ್ವಾತಂತ್ರ್ಯ ಬಂದ ಮೇಲೆ ಅಕ್ಕಪಕ್ಕದ ದ್ವೀಪಗಳೆಲ್ಲ ಸೇರಿ ಒಂದೇ ವಿಮಾನ ಕಂಪನಿ ನಡೆಸೋಣ ಎಂದು ಹೊರಟದ್ದು. "ಆಮೇಲೆ ಎಲ್ಲರಿಗೂ ತಮ್ಮ ತಮ್ಮ ಬಾವುಟ ವಿಮಾನದ ಮೇಲೆ ಬೇಕಾಯಿತು. ಒಬ್ಬೊಬ್ಬರೇ ಹೊರಟುಹೋದರು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ," ಎಂದು ಅವರು ನಕ್ಕರು. ಲಾಸ್ ಏಂಜಲಿಸ್‌ಗೆ ಜೆಟ್ ಬಿಟ್ಟದ್ದು, ಸೀಟು ತುಂಬದೆ ಅದನ್ನು ನಿಲ್ಲಿಸಿದ್ದು, ವರ್ಷಗಳ ನಂತರ ಹಠ ಹಿಡಿದು ಮತ್ತೆ ಶುರು ಮಾಡಿದ್ದು, ಎಲ್ಲಕ್ಕೂ ಅವರು ಸಾಕ್ಷಿ. ಮೊದಲ ಸಲ ಇಲ್ಲಿ ಇಳಿದಾಗ ಸಿಬ್ಬಂದಿಯೆಲ್ಲ ಊರ ಕಡೆಯ ಹಾಡು ಹೇಳಿಕೊಂಡೇ ಟರ್ಮಿನಲ್ಲಿನಲ್ಲಿ ನಡೆದರಂತೆ. ಪೊಲೀಸರು ಏನು ಗಲಾಟೆ ಎಂದು ಓಡಿಬಂದಿದ್ದರಂತೆ.

೨೦೨೧ರಲ್ಲಿ ಲಸಿಕೆಯೆಲ್ಲ ಆದ ಮೇಲೆ ಒಂದು ಭಾನುವಾರ ಅಮ್ಮನನ್ನು ಕರೆದುಕೊಂಡು ಸ್ಯಾನ್ ಡಿಯೇಗೋ ಪಕ್ಕದ ಫೋರ್ ಎಸ್ ರ್ಯಾಂಚ್‌ನಲ್ಲಿರುವ ನಮ್ಮ ದೊಡ್ಡಮ್ಮನ ಮಗಳ ಮನೆಗೆ ಹೊರಟೆ. ಹಾಗೆಯೇ ಅಂಕಲ್ಲನ್ನೂ ನೋಡೋಣವೆನಿಸಿತು. ಅವರು ಬರಹೇಳಿದ್ದು ಸ್ಯಾನ್ ಡಿಯೇಗೋ ಊರ ನಡುವಿನ ಗುಡ್ಡದ ಮೇಲಿನ ಒಂದು ಪಾರ್ಕಿಗೆ. ಅಲ್ಲಿ ವಿಮಾನಗಳು ಮನೆಗಳ ನೆತ್ತಿ ಸವರಿದಂತೆ ಕೆಳಗಿಳಿಯುತ್ತವೆ. ಅಂಕಲ್ ದಿನವೂ ಬಂದು ಅದನ್ನು ನೋಡುತ್ತಿದ್ದರಂತೆ.

ಬೆಂಚಿನಿಂದ ಎದ್ದು ಬಂದವರು ಆರಡಿಗೂ ಎತ್ತರ, ಬೆಳ್ಳಗಿನ ಗುಂಗುರು ಕೂದಲು. ಮೇಲೆ ಹೂವಿನ ಷರ್ಟು. ಕೆಳಗೆ, ಅವರ ದ್ವೀಪದ ಗಂಡಸರು ಉಡುವಂತೆ, ಮೊಣಕಾಲಿನ ಕೆಳಗೆ ಬರುವ ಬೂದು ಬಣ್ಣದ ಸುತ್ತುಬಟ್ಟೆ. ಅಮ್ಮ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಳು.

"ಏನೇ ಇದು, ಪಂಚೆ ಉಟ್ಕೊಂಡಿದಾರೆ! ಈ ಅಮೆರಿಕಾದಲ್ಲಿ ನಾನು ನೋಡಿದ ಮೊದಲನೇ ಮರ್ಯಾದಸ್ಥ ಇವರೇ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಂಕಲ್ ತಲೆ ಬಾಗಿಸಿ, "ಇದಕ್ಕೆ ಜೇಬೂ ಇದೆ ಎಂದು ನಿಮ್ಮ ತಾಯಿಗೆ ಹೇಳು," ಎಂದು ಕೈ ತೂರಿಸಿ ತೋರಿಸಿದರು.

"ಜೇಬಿರೋ ಪಂಚೆ! ನಿಮ್ಮಪ್ಪಂಗೆ ಇದು ಗೊತ್ತಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದಳು ಅಮ್ಮ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಅಷ್ಟು ನಕ್ಕದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಆ ವರ್ಷದ ಕೊನೆಗೆ ದ್ವೀಪ ಬಾಗಿಲು ತೆರೆಯಿತು. ಮೊದಲ ಪ್ರಯಾಣಿಕರ ವಿಮಾನ ಹೊರಡುವ ದಿನ ಮೇಡಂ ಕೌಂಟರಿಗೆ ತಾಳೆ ಗರಿ, ಹೂವು ಕಟ್ಟಿಸಿದರು. ಅಂಕಲ್ ಆ ವಿಮಾನದಲ್ಲೇ ಹೋಗಬೇಕೆಂದು ಮೇಡಂ ಹಠ ಮಾಡಿ ಸೀಟು ಇಟ್ಟಿದ್ದರು. ಮಗಳು ಸ್ಯಾನ್ ಡಿಯೇಗೋದಿಂದ ಡ್ರೈವ್ ಮಾಡಿಕೊಂಡು ಸಮಯಕ್ಕೆ ಮೊದಲೇ ಕರೆತಂದಳು. ಆದರೆ ಕೋವಿಡ್ ಟೆಸ್ಟಿನ ರಿಸಲ್ಟ್ ಬಂದಿರಲಿಲ್ಲ. ಅದಿಲ್ಲದೆ ಯಾರನ್ನೂ ಹತ್ತಿಸುವಂತಿರಲಿಲ್ಲ. ಮಗಳು ಲ್ಯಾಬಿಗೆ ಫೋನ್ ಮಾಡಿ ಮಾಡಿ ಸುಸ್ತಾದಳು. ಉಳಿದವರೆಲ್ಲ ಒಳಗೆ ಹೋದರು. ಸಾಲು ಖಾಲಿಯಾಯಿತು. ಮೇಡಂ ಕಂಪ್ಯೂಟರ್ ಮುಂದೆ ನಿಂತಿದ್ದರು. ಕೌಂಟರ್ ಮುಚ್ಚುವ ಹೊತ್ತು ಬಂದಿತ್ತು, ಅವರ ಬೆರಳು ಆಡುತ್ತಿರಲಿಲ್ಲ.

ಅಂಕಲ್ಲೇ ಮೇಡಂ ಹತ್ತಿರ ಬಂದರು.

"ಮುಚ್ಚು ಮಗಳೇ. ನನಗೋಸ್ಕರ ವಿಮಾನ ತಡವಾಯಿತು ಅಂತಾಗಬಾರದು."

ಮೇಡಂ ಮುಚ್ಚಿದರು. ಆಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತರು. ವಿಮಾನ ರನ್‌ವೇ ಕಡೆಗೆ ಹೊರಳುತ್ತಿದ್ದಾಗ ಮಗಳ ಫೋನು ಟಿಣ್ ಎಂದಿತು. ರಿಸಲ್ಟು ಬಂದಿತ್ತು. ನೆಗೆಟಿವ್.

ಮುಂದಿನ ವಿಮಾನಕ್ಕೆ ಇನ್ನೂ ನಾಲ್ಕು ದಿನಗಳಿದ್ದವು. ಮಗಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಮತ್ತೊಮ್ಮೆ ಅಪ್ಪನನ್ನು ಇಲ್ಲಿಗೆ ತರಲು ರಜೆ ಸಿಗುವುದು ಕಷ್ಟ. ಹೋಟೆಲ್ ನೋಡುತ್ತೇನೆಂದು ಅವಳು ಫೋನ್ ತೆಗೆದಾಗ ನಾನು ಹೇಳಿದೆ, "ನಮ್ಮನೆಗೆ ಬರ್ಲಿ. ಹತ್ರದಲ್ಲೇ ಇದೆ." ಹೇಳಿದ ಮೇಲೆ ಗಂಡನಿಗೆ ಮೆಸೇಜ್ ಹಾಕಿದೆ. "ಮೀನು ತಿಂತಾರಾ?" ಎಂದು ಅವನು ಕೇಳಿದ. "ನಾಲ್ಕು ದಿನ ಬೇಳೆ ಸಾರು ತಿಂತಾರೆ," ಎಂದು ಬರೆದೆ.

ಬೇಳೆ ಸಾರು ತಿಂದರು. ಎರಡನೇ ದಿನ ಅಡುಗೆಮನೆಗೇ ಬಂದರು. ನನ್ನ ಮಡಿಲಕ್ಕಿಯ ಕಾಲದಿಂದ ಇರುವ ಈಳಿಗೆ ಮಣೆಯಲ್ಲಿ ಅಮ್ಮ ಕಾಯಿ ತುರಿಯುತ್ತಿದ್ದಳು. ಅಂಕಲ್ ಅದನ್ನು ಬಗ್ಗಿ ನೋಡಿ, ತಮ್ಮ ಮನೆಯಲ್ಲೂ ಇಂಥದ್ದೇ ಇದೆ, ಮಣೆಯ ಮೇಲೆ ಕುದುರೆ ಹತ್ತಿದ ಹಾಗೆ ಕೂರುತ್ತೇವೆ ಎಂದು ಕೂತು ತೋರಿಸಿದರು. ಅವರು ತುರಿದ ಕಾಯಿ ಹತ್ತಿಯಂತಿತ್ತು. ಅಮ್ಮನಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವರಿಗೆ ಕನ್ನಡ ಸೊನ್ನೆ. ಆದರೂ ಅವರಿಬ್ಬರೂ ಸೇರಿ ಬದನೆಕಾಯಿಯನ್ನು ಕಾಯಿಹಾಲಿನಲ್ಲಿ ಬೇಯಿಸಿ, ಅದಕ್ಕೆ ಒಗ್ಗರಣೆ ಬೇಕೇ ಬೇಡವೇ ಎಂದು ಕೈಸನ್ನೆಯಲ್ಲಿ ವಾದ ಮಾಡಿದರು. ಒಗ್ಗರಣೆ ಗೆದ್ದಿತು.

ಮೂರನೇ ದಿನ ಊಟದ ಹೊತ್ತಿಗೆ ದಿನ ಕಳೆದುಹೋಗುವ ಮಾತು ಬಂತು. ಇಲ್ಲಿಂದ ಹೊರಟ ನಮ್ಮ ವಿಮಾನ ಸಾಗರದ ನಡುವೆ ತಾರೀಖು ಬದಲಾಗುವ ಗೆರೆ ದಾಟುತ್ತದೆ. ಸೋಮವಾರ ರಾತ್ರಿ ಹೊರಟವರು ಬುಧವಾರ ಬೆಳಿಗ್ಗೆ ಇಳಿಯುತ್ತಾರೆ. ಮಂಗಳವಾರ ಎಂಬುದು ಅವರ ಬಾಳಿನಲ್ಲಿ ಇಲ್ಲವೇ ಇಲ್ಲ ಎನ್ನಬೇಕು. ಅಮ್ಮ ಸಾರಿನ ಸೌಟು ಕೆಳಗಿಟ್ಟಳು.

"ಆ ಮಂಗಳವಾರ ಏಕಾದಶಿ ಇದ್ರೆ?"

ನಾನು ಅಂಕಲ್‌ಗೆ ಉಪವಾಸದ ವಿಷಯ ವಿವರಿಸಿ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿದರು. ಭಾನುವಾರ ಚರ್ಚಿಗೆ ತಪ್ಪದವರು. ಹಾರಾಟದಲ್ಲಿ ಭಾನುವಾರ ಕಳೆದುಹೋದಾಗ ತಮಗೂ ಇದೇ ಪ್ರಶ್ನೆ ಬಂದಿತ್ತಂತೆ.

"ಪಾದ್ರಿಯವರನ್ನು ಕೇಳಿದೆ. ದೇವರಿಗೆ ಗೆರೆ ಇಲ್ಲ, ನಿನಗೆ ಹಸಿವಾದಾಗ ನೆನೆಸಿಕೋ ಎಂದರು."

ಅಮ್ಮ ಇದನ್ನು ಒಪ್ಪಲಿಲ್ಲ. "ಹಸಿವಾದಾಗ ಎಲ್ಲರೂ ನೆನೆಸ್ಕೋತಾರೆ. ಅದೇನ್ ದೊಡ್ಡದು? ಸರಿ, ವಾಪಸ್ ಬರೋವಾಗ?"

ವಾಪಸ್ ಬರುವಾಗ ಒಂದೇ ದಿನ ಎರಡು ಸಲ ಸಿಗುತ್ತದೆ ಎಂದೆ.

"ಎರಡು ಏಕಾದಶಿ! ಸತ್ತೇ ಹೋದೆ. ನಾನಂತೂ ಆ ಕಡೆ ಬರಲ್ಲ ಅಂತ ಹೇಳು ಅವರಿಗೆ."

ನನ್ನ ಮಗಳು ಆಗ ಮಿಡಲ್ ಸ್ಕೂಲಿನಲ್ಲಿದ್ದಳು. ಅಜ್ಜಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಆ ನಾಲ್ಕು ದಿನ ನಾನು ಕೆಲಸಕ್ಕೆ ಹೋದಾಗ ಇವರಿಬ್ಬರ ನಡುವೆ ಮಾತು ದಾಟಿಸುವ ಕೆಲಸ ಅವಳ ಮೇಲೆ ಬಿತ್ತು. ಒಂದು ಸಂಜೆ ನಾನು ಒಳಗೆ ಬರುವಾಗ ಅವಳು ಅಜ್ಜಿಗೆ, "ಅವ್ರು ಹೇಳ್ತಿದಾರೆ, ಪ್ಲೇನ್‌ನಲ್ಲಿ ಟೀ ಕೊಡೋವಾಗ ಕಪ್ ಕಡೆ ನೋಡ್ಬಾರ್ದು, ಮುಖ ನೋಡ್ಬೇಕು ಅಂತೆ," ಎನ್ನುತ್ತಿದ್ದಳು. ಒಂದು ಪೂರ್ತಿ ಕನ್ನಡದ ವಾಕ್ಯ. ಸದ್ದು ಮಾಡಿದರೆ ನಿಂತುಹೋದೀತೆಂದು ನಾನು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ.

ಮತ್ತೆ ಟೆಸ್ಟ್ ಮಾಡಿಸಿದ್ದು ಟೊರೆನ್ಸ್‌ನಲ್ಲೇ. ಈ ಸಲ ರಿಸಲ್ಟು ಬೇಗ ಬಂತು. ಹೊರಡುವ ದಿನ ಅಮ್ಮ ಅಂಕಲ್‌ಗೆ ಕುಂಕುಮ ಹಚ್ಚಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ತೆಂಗಿನಕಾಯಿಯೊಂದನ್ನು ಕೈಗಿತ್ತು ನಮಸ್ಕಾರ ಮಾಡಿದಳು. "ತೆಂಗಿನ ಮರಗಳ ನಡುವೆ ಇರೋರಿಗೆ ಕಾಯಿ ಕೊಡ್ತಿದೀಯಲ್ಲಮ್ಮ," ಎಂದೆ. "ಕೊಡೋದು ಅವ್ರ ಹತ್ರ ಇಲ್ಲ ಅಂತಲ್ಲ ಕಣೆ," ಎಂದಳು. ಆ ದೇಶದ ಕಸ್ಟಮ್ಸ್ ಕಾಯಿ ಬಿಡುವುದಿಲ್ಲವೆಂದು ನನಗೂ ಅಂಕಲ್‌ಗೂ ಗೊತ್ತಿತ್ತು. ಆದರೂ ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಅದನ್ನು ನಾವು ಏರ್‌ಪೋರ್ಟಿನಲ್ಲಿ ಮೇಡಂ ಮೇಜಿನ ಮೇಲೆ ಇಟ್ಟೆವು.

ವಿಮಾನದ ಬಾಗಿಲವರೆಗೆ ನಾನೇ ಕರೆದುಕೊಂಡು ಹೋದೆ. ಒಳಗೆ ನಿಂತಿದ್ದ ಸಿಬ್ಬಂದಿಯ ಮುಖ್ಯಸ್ಥೆ ಅವರನ್ನು ನೋಡಿದ್ದೇ ತಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವಳಿಗೆ ತರಬೇತಿ ಕೊಟ್ಟವರು ಇವರೇ. ಆಮೇಲೆ ಒಬ್ಬೊಬ್ಬರಾಗಿ ಬಂದು, ಮಾಸ್ಕು ಹಾಕಿದ್ದರೂ ಹಣೆಗೆ ಹಣೆ ತಾಗಿಸದೆ ಬಿಡಲಿಲ್ಲ. ಕೋವಿಡ್ ನಿಯಮವೆಲ್ಲ ಐದು ನಿಮಿಷ ಎಲ್ಲೋ ಹೋಗಿತ್ತು. ನಾನು ನೋಡದವಳಂತೆ ಕೈಯಲ್ಲಿದ್ದ ಪಟ್ಟಿ ಓದಿದೆ. ಅಂಕಲ್ ಸೀಟಿನಲ್ಲಿ ಕೂರಲು ಒದ್ದಾಡಿದರು. ಎದುರಿನವರ ಚೀಲ ಮೇಲಿಡಲು ಎದ್ದರು. "ಕೂತ್ಕೊಳ್ಳಿ ಅಂಕಲ್, ಇವತ್ತು ನೀವು ಪ್ಯಾಸೆಂಜರ್," ಎಂದೆ. "ಅದೇ ನನಗೆ ಬರುವುದಿಲ್ಲ," ಎಂದರು.

ಅಮ್ಮ ಮರುವರ್ಷ ಮೈಸೂರಿಗೆ ಹೋದಳು. ನಮ್ಮ ಕೌಂಟರಿನಲ್ಲಿ ಹಳೆಯ ಸಿಬ್ಬಂದಿಯಲ್ಲಿ ಅರ್ಧ ಜನ ಮರಳಿ ಬಂದರು. ಮೀನೂ ಜನರೂ ಜೊತೆಯಾಗಿ ಬರತೊಡಗಿದರು. ಇಷ್ಟು ವರ್ಷ ಈ ಕಂಪನಿಯಲ್ಲಿದ್ದರೂ ನಾನು ದ್ವೀಪವನ್ನೇ ನೋಡಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಗಂಡ, ಮಗಳ ಜೊತೆ ಹೋದೆ. ಅಂಕಲ್ ಇರುವುದು ಮುಖ್ಯ ದ್ವೀಪದಲ್ಲಲ್ಲ. ಅಲ್ಲಿಂದ ಇನ್ನೊಂದು ಚಿಕ್ಕ ವಿಮಾನ ಹತ್ತಬೇಕು. ಅದರಲ್ಲಿ ಭಾರ ಸರಿದೂಗಿಸಲು ಚೀಲಗಳಷ್ಟೇ ಅಲ್ಲ, ಜನರನ್ನೂ ತೂಗುತ್ತಾರೆ. ಕೌಂಟರಿನ ಹುಡುಗಿ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗಿದಳು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮೆಚ್ಚಿ ತಲೆದೂಗಿದರು. ಮಗಳು ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ನನ್ನನ್ನು ಮುಂದಿನ ಸೀಟಿಗೂ ಗಂಡನನ್ನು ಹಿಂದಿನ ಸೀಟಿಗೂ ಹಾಕಿದರು.

ಪೈಲಟ್ ಬಾಗಿಲು ಎಳೆದು, ಕುತ್ತಿಗೆ ಹೊರಳಿಸಿ ನಮ್ಮೆಲ್ಲರನ್ನೂ ನೋಡಿ, "ಎಲ್ಲರೂ ಕೂತಿರಾ?" ಎಂದು ಕೇಳಿದ. ಯಾರದೋ ಮಡಿಲಲ್ಲಿದ್ದ ಕೋಳಿಯೊಂದು ಕೊಕ್ ಎಂದಿತು. ಕೆಳಗೆ ನೀರು ಮೊದಲು ಹಸಿರಾಗಿ, ಆಮೇಲೆ ನೀಲಿಯಾಗಿ ಕಾಣತೊಡಗಿತು. ಸ್ವಲ್ಪ ಹೊತ್ತಿನಲ್ಲೇ ಹುಲ್ಲಿನ ಪಟ್ಟಿಯೊಂದು, ಅದರ ತುದಿಯಲ್ಲಿ ಒಂದು ತಗಡಿನ ಶೆಡ್ಡು, ಅದರ ನೆರಳಲ್ಲಿ ಬೆಳ್ಳಗಿನ ಕೂದಲಿನ ಎತ್ತರದ ಒಬ್ಬರು, ಪಕ್ಕದಲ್ಲಿ ಕೋಲೂರಿ ನಿಂತ ಅವರ ಹೆಂಡತಿ ಕಾಣಿಸಿದರು. "ಅಮ್ಮಾ, ಅಲ್ನೋಡು," ಎಂದಳು ಮಗಳು.