ನೂಕಿದರೆ ಏಳುತ್ತಿದ್ದ ಕಾರು

ಹಳೆ ಕಾರು ಕೊಳ್ಳಲು ಹೋದಾಗ ಮೊದಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ, ನೀವು ಬರುವ ಮೊದಲೇ ಒಮ್ಮೆ ಸ್ಟಾರ್ಟ್ ಮಾಡಿದ್ದಾರೆ, ತಣ್ಣಗಿದ್ದಾಗ ಅದು ಸುಲಭಕ್ಕೆ ಏಳುವುದಿಲ್ಲ ಎಂದು ತಿಳಿಯಿರಿ. ನನಗೆ ಬೆಚ್ಚಗಿದ್ದದ್ದೇ ಸಿಕ್ಕಿತು. ಅದನ್ನೇ ಹಿಡಿದು ಬೆಲೆ ಇಳಿಸಿ ಕೊಂಡೆ.

ಆಗ ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಒಂದೊಂದಾಗಿ ಏಳುತ್ತಿದ್ದವು. ಅವರು ಬಿಸಾಡುವ ಡ್ರಮ್ಮು, ಮರದ ಪೆಟ್ಟಿಗೆ ಕೊಂಡು ಮಾರುವುದು ನನ್ನ ವ್ಯಾಪಾರ. ಬಸ್ಸಿನಲ್ಲಿ ಹೋದವನನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ, ಕಾರಿನಲ್ಲಿ ಹೋದವನಿಗೆ ಕುರ್ಚಿ ಹಾಕುತ್ತಾರೆ.

ಹೆಂಡತಿ ತೀರಿಕೊಂಡ ಮೇಲೆ ನಮ್ಮೂರು ಮರಳವಾಡಿ ಬಿಟ್ಟು ರಾಮನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಬೀದಿಯಲ್ಲಿ ಯಾರೊಂದಿಗೂ ಮಾತಿರಲಿಲ್ಲ. ಕಾರು ತಂದ ಮರುದಿನ ಬೆಳಗ್ಗೆ ಅದು ಏಳಲಿಲ್ಲ. ಬ್ಯಾಟರಿಯಲ್ಲಿ ಜೀವವಿರಲಿಲ್ಲ. ಆಡುತ್ತಿದ್ದ ಮಕ್ಕಳೆಲ್ಲ ಓಡಿಬಂದು ನೂಕಿದವು. ಗುಡುಗುಡು ಎಂದು ಎದ್ದಿತು.

"ಮಾವ, ನೂಕುದ್ರೆ ಅದ್ಯಾಕ್ ಎದ್ದೇಳ್ತದೆ?" ಎರಡು ಜಡೆಯ ಹುಡುಗಿಯೊಬ್ಬಳು ಕೇಳಿದಳು.

ಬಾನೆಟ್ ಎತ್ತಿ ತೋರಿಸಿದೆ. "ಇದ್ರೊಳಗೆ ಸೈಕಲ್ ಪಂಪ್ ಇದ್ದಂಗೆ ಕೊಳವೆಗಳವೆ. ಒಂದೊಂದ್ರಲ್ಲೂ ಒಂದು ಪಿಸ್ಟನ್ನು ಮೇಲ್ಕೆ ಕೆಳಿಕ್ಕೆ ಆಡ್ತದೆ. ಕೆಳಿಕ್ಕೋದಾಗ ಗಾಳಿ ಜೊತೆ ಒಸಿ ಪೆಟ್ರೋಲ್ ಎಳ್ಕೋತದೆ. ಮೇಲ್ಕೆ ಬಂದು ಅದ್ನ ಅದುಮ್ತದೆ. ಆಗೊಂದು ಕಿಡಿ. ಡಬ್ ಅಂತ ಉರಿದು ಪಿಸ್ಟನ್ನ ಕೆಳಿಕ್ಕೆ ತಳ್ತದೆ. ಆಮೇಲೆ ಹೊಗೆ ಆಚಿಗೆ."

"ಚಕ್ರ ತಿರುಗೋದು?"

"ನಿಮ್ಮಜ್ಜಿ ರಾಗಿ ಬೀಸೋವಾಗ ಕೈ ಹಿಂದಕ್ಕೂ ಮುಂದಕ್ಕೂ ಹೋಯ್ತದೆ, ಕಲ್ಲು ಮಾತ್ರ ಸುತ್ತ ತಿರುಗ್ತದೆ ಅಲ್ವಾ? ಇದೂ ಅಂಗೇ. ಒಂದ್ಸಲ ಉರೀತು ಅಂದ್ರೆ ಅದೇ ತಿರುಗ್ತಾ ಹೋಯ್ತದೆ. ಮೊದಲನೇ ಸುತ್ತು ಮಾತ್ರ ಬೇರೆಯವ್ರು ತಿರುಗುಸ್ಬೇಕು. ಬ್ಯಾಟ್ರಿ ಮಾಡೋ ಆ ಕೆಲ್ಸ ನೀವ್ ಮಾಡುದ್ರಿ."

"ನಮ್ಮಣ್ಣನೂ ಇಂಗೇ ಮಾವ, ನೂಕ್ದಿದ್ರೆ ಏಳಾಕಿಲ್ಲ!"

ಮಕ್ಕಳೆಲ್ಲ ನಕ್ಕವು. ನಾನು ಬಹಳ ದಿನಗಳ ಮೇಲೆ ನಕ್ಕೆ.

ಬ್ಯಾಟರಿ ಬದಲಿಸಿ ಎಂದು ಮೆಕ್ಯಾನಿಕ್ ಹೇಳುತ್ತಲೇ ಇದ್ದ. ನಾಳೆ ನಾಡಿದ್ದು ಎಂದು ಮುಂದೂಡಿದೆ. ಬೀದಿಯವರು ಜಿಪುಣ ಎಂದರು, ಅನ್ನಲಿ ಎಂದುಕೊಂಡೆ. ಬೆಳಗಾದರೆ ಬಾಗಿಲ ಮುಂದೆ "ಮಾವ, ಎದ್ದ್ಯಾ?" ಎಂಬ ಕೂಗು ಕೇಳುತ್ತಿತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು.

ಆಮೇಲೆ ತಾಯಂದಿರು ಗಾರ್ಮೆಂಟ್ಸಿಗೆ ಹೋಗತೊಡಗಿದರು, ಮಕ್ಕಳಿಗೆ ಸ್ಕೂಲ್ ವ್ಯಾನು ಬಂತು. ಒಂದು ದಿನ ಆ ಹುಡುಗಿಯ ತಾಯಿ ನನ್ನ ಬಾಗಿಲಿಗೇ ಬಂದಳು.

"ಏನಣ್ಣೋ, ಒಂದು ಬ್ಯಾಟ್ರಿ ತಕ್ಕೊಳೋ ಗತಿ ಇಲ್ವಾ ನಿಂಗೆ? ನಿನ್ ಕಾರ್ ನೂಕೋಕ್ಕೋಗಿ ನನ್ ಮಗೀಗೆ ವ್ಯಾನ್ ತಪ್ಪೋಯ್ತು. ಅದ್ನ ಸ್ಕೂಲ್ಗೆ ಬಿಟ್ಬರೋಷ್ಟ್ರಲ್ಲಿ ನಂಗೂ ಇವತ್ತಿನ್ ಡ್ಯೂಟಿ ಹೋಯ್ತು."

ನೆಟ್ಟಗೆ ಬ್ಯಾಟರಿ ಅಂಗಡಿಗೆ ಹೋದೆ. ಹೇಳಿದ ಬೆಲೆ ತೆತ್ತು ಎತ್ತಿಕೊಂಡೆ. ನನ್ನ ಚೌಕಾಸಿ ಬಲ್ಲ ಅಂಗಡಿಯವನು ಗಾಬರಿಯಾದ. "ಯಾಕಣ್ಣ, ಮೈ ಉಸಾರಿಲ್ವಾ?"

ಮರುದಿನ ಕೀಲಿ ತಿರುಗಿಸಿದ ಕೂಡಲೇ ಇಂಜಿನ್ ಎದ್ದಿತು. ಮಕ್ಕಳು ಆಗಲೇ ಕಾರಿನ ಹಿಂಬದಿಗೆ ಕೈಯಿಟ್ಟು ನಿಂತಿದ್ದವು.

"ಇನ್ ನಾವ್ ಬ್ಯಾಡ್ವಾ ಮಾವ?"

"ವ್ಯಾನ್ ಬತ್ತದೆ, ಹೋಗ್ರವ್ವ" ಎಂದೆ. ಹೋದವು.

ಅದರ ಮಾರನೆಯ ದಿನ ಇಂಜಿನ್ ಚಾಲೂ ಇಟ್ಟು, ಬಾನೆಟ್ ಎತ್ತಿ, ಏನೋ ಕೆಟ್ಟಿರುವಂತೆ ಬಗ್ಗಿ ನಿಂತೆ. ಸ್ಕೂಲ್ ವ್ಯಾನು ಪಕ್ಕದಲ್ಲೇ ಹಾದುಹೋಯಿತು. ಹಾಲಿನವನು ಸೈಕಲ್ ನಿಲ್ಲಿಸಿ, "ಏನಾಯ್ತಣ್ಣ?" ಎಂದ.

"ಏನಿಲ್ಲ, ಚೆನ್ನಾಗೈತೆ" ಎಂದು ಬಾನೆಟ್ ಮುಚ್ಚಿದೆ.