ತಿಪ್ಪಣ್ಣ ಮಾವನ ಹಳಿಯಿಲ್ಲದ ರೈಲುದಾರಿ

ರೇಷ್ಮೆ ಸಾಕುವವರಿಗೆ ರಜೆ ಕೊಡುವುದು ಹುಳುಗಳು. ಪೊರೆ ಬಿಡುವ ಹೊತ್ತಿನಲ್ಲಿ ಅವು ತಲೆ ಎತ್ತಿ ಸುಮ್ಮನೆ ಕೂತುಬಿಡುತ್ತವೆ, ಸೊಪ್ಪು ಮುಟ್ಟುವುದಿಲ್ಲ. ನಮ್ಮ ಮಡಕಶಿರಾ ಕಡೆ ಇದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಒಂದು ಹಗಲು ಒಂದು ರಾತ್ರಿ ಇರುತ್ತದೆ. ಎದ್ದ ಮೇಲೆ ಅವುಗಳ ಹಸಿವು ನೋಡಬೇಕು, ಮನೆಮಂದಿಯೆಲ್ಲ ಸೊಪ್ಪು ಹೊತ್ತರೂ ಸಾಲದು. ಆದ್ದರಿಂದ ಹುಳುವಿಗೆ ಜ್ವರ ಬಂದ ದಿನವೇ ನಾವು ನೆಂಟರ ಮನೆಗೆ ಹೋಗಿ ಬರಬೇಕು.

ರಾಯದುರ್ಗಕ್ಕೆ ಕೊಟ್ಟಿರುವ ನನ್ನ ತಂಗಿ ಗೌರಿಯ ಮನೆಯಲ್ಲಿ ರಜೆ ಕೊಡುವುದು ಕರೆಂಟು. ಅವಳ ಗಂಡ ವೀರೇಶ ಮನೆ ಮುಂದಿನ ಶೆಡ್ಡಿನಲ್ಲಿ ಎಂಟು ಮಷಿನ್ ಇಟ್ಟು ಜೀನ್ಸ್ ಪ್ಯಾಂಟ್ ಹೊಲಿಸುತ್ತಾನೆ. ಲೈನ್ ರಿಪೇರಿಗೆಂದು ದಿನವಿಡೀ ಕರೆಂಟ್ ತೆಗೆದಾಗ ಮಾತ್ರ ಆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತದೆ. ಅವಳ ಮದುವೆಯಾಗಿ ಏಳು ವರ್ಷ. ನಮ್ಮ ಹುಳುವಿನ ಜ್ವರವೂ ಅವರ ಕರೆಂಟಿನ ರಜೆಯೂ ಒಂದೇ ದಿನ ಬಿದ್ದದ್ದು ಇದೇ ಮೊದಲು.

"ಅಕ್ಕಯ್ಯ, ಶನಿವಾರ ಬಂದ್ಬಿಡು" ಎಂದು ಗೌರಿ ಫೋನ್ ಮಾಡಿದಳು. "ನಮ್ಮ ಮಾವನಿಗೆ ನೀನೇ ಒಂದು ಮಾತು ಹೇಳ್ಬೇಕು. ನೀನು ಹೇಳಿದ್ರೆ ಇಲ್ಲ ಅನ್ನಲ್ಲ."

ಅವಳ ಮಾವ ತಿಪ್ಪಣ್ಣ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದವರು. ಗುಡ್ಡದ ಕಲ್ಲು ಸಾಗಿಸಲು ಹಾಕಿದ್ದ ಒಂದು ಕವಲು ಹಳಿಯ ಮೇಲೆ ಮೂವತ್ತು ವರ್ಷ ಸುತ್ತಿಗೆ ಹೊತ್ತು ನಡೆದರು. ಕಲ್ಲಿನ ಕೆಲಸ ನಿಂತು ಹಳಿ ಕಿತ್ತು ಎಷ್ಟೋ ವರ್ಷವಾಯಿತು. ಇವರ ನಡಿಗೆ ಮಾತ್ರ ನಿಂತಿಲ್ಲ, ದಿನಾ ಬೆಳಗ್ಗೆ ಅದೇ ದಾರಿಗೆ ಹೊರಡುತ್ತಾರೆ. ಹೋದ ತಿಂಗಳು ಮೋರಿಯ ಹತ್ತಿರ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಎರಡು ವಾರ ಹಾಸಿಗೆ ಹಿಡಿದಿದ್ದರು. ಎದ್ದವರೇ ಮತ್ತೆ ಹೊರಟಿದ್ದಾರೆ. ಮಗನಿಗೆ ಜೀವ ಬಾಯಿಗೆ ಬಂದಿದೆ. ಅಪ್ಪ ಇನ್ನು ಮನೆಯಲ್ಲೇ ಕೂತು ಪ್ಯಾಂಟಿನ ಬಿಡಿ ದಾರ ಕತ್ತರಿಸಲಿ ಎಂಬುದು ಅವನ ಆಸೆ. ಅದನ್ನು ಹೇಳಲು ನಾನು ಬೇಕಿತ್ತು. ಮದುವೆಯಲ್ಲಿ ಅವರಿಗೆ ಬೇಡ ಬೇಡ ಅಂದರೂ ಮೂರು ಸಲ ಹೋಳಿಗೆ ಬಡಿಸಿದ್ದೆ, ಅಂದಿನಿಂದ ನನ್ನ ಮಾತಿಗೆ ಅಲ್ಲಿ ಭಾರಿ ಬೆಲೆ.

ಹಾಸು ಒಣಗಿರಲೆಂದು ಹುಳುವಿನ ಮೇಲೆ ಸುಣ್ಣದ ಪುಡಿ ಎರಚಿ, ಅತ್ತೆಯನ್ನು ಕಾವಲಿಗಿಟ್ಟು, ನಾನೂ ನಮ್ಮ ಯಜಮಾನರೂ ಮೊದಲ ಬಸ್ಸಿಗೆ ಹೊರಟೆವು. ಮಡಕಶಿರಾದಿಂದ ಪಾವಗಡ, ಪಾವಗಡದಿಂದ ಕಲ್ಯಾಣದುರ್ಗ, ಅಲ್ಲಿಂದ ರಾಯದುರ್ಗ. ಆಂಧ್ರದಲ್ಲಿ ಹತ್ತಿ, ಕರ್ನಾಟಕದಲ್ಲಿ ಟೀ ಕುಡಿದು, ಮತ್ತೆ ಆಂಧ್ರದಲ್ಲಿ ಇಳಿಯುವ ಪ್ರಯಾಣ. ನಮ್ಮ ಯಜಮಾನರು ಪ್ರತಿ ಬಸ್‌ಸ್ಟ್ಯಾಂಡಿನಲ್ಲೂ ಫೋನ್ ತೆಗೆದು "ಅವ್ವ, ಎದ್ದವಾ?" ಎಂದು ಕೇಳುತ್ತಿದ್ದರು. ಪಕ್ಕದ ಸೀಟಿನ ಮುದುಕಿ ನನ್ನ ಕಡೆ ತಿರುಗಿ "ಮಕ್ಕಳೆಷ್ಟಮ್ಮ?" ಎಂದಳು. "ಹುಳ ಕಣವ್ವ" ಎಂದೆ. ಆಮೇಲೆ ಅವಳು ಕಿಟಕಿಯ ಕಡೆಗೆ ಸ್ವಲ್ಪ ಸರಿದು ಕೂತಳು.

ರಾಯದುರ್ಗ ತಲುಪಿದಾಗ ಹನ್ನೊಂದು ದಾಟಿತ್ತು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಜೋಳದ ರೊಟ್ಟಿ ಊಟ ಮಾಡಿ ಮೇಲೇಳುವಷ್ಟರಲ್ಲಿ ನಡೆಯುವ ಉತ್ಸಾಹ ಅರ್ಧಕ್ಕೆ ಇಳಿದಿತ್ತು. ಆದರೂ ಹೊರಟೆವು. ಉಪಾಯ ಗೌರಿಯದು. ಹಳೆ ರೈಲುದಾರಿಯಲ್ಲಿ ಎಲ್ಲರೂ ಮಾವನ ಜೊತೆ ನಡೆಯುವುದು, ದಾರಿಯಲ್ಲಿ ಅವರಿಗೆ ಆಯಾಸವಾಗುವುದು, ಆಗ ನಾನು ಮೆಲ್ಲಗೆ ಮಾತು ತೆಗೆಯುವುದು. ನಾಲ್ಕು ಕಿಲೋಮೀಟರು ನಡೆದರೆ ಕಲ್ಯಾಣದುರ್ಗದ ರಸ್ತೆ ಸಿಗುತ್ತದೆ, ನಾಲ್ಕೂವರೆಯ ಬಸ್ಸನ್ನು ನಾವು ಅಲ್ಲೇ ಹತ್ತಬಹುದು.

ಊರಾಚೆ ಬೇವಿನ ಮರಗಳ ಹಿಂದಿನಿಂದ ದಾರಿ ಶುರುವಾಯಿತು. ಎರಡು ಬದಿಗೂ ತಂಗಡಿ, ಕಮರ, ಸೀತಾಫಲದ ಗಿಡಗಳು. ನಡುವೆ ಜಲ್ಲಿಕಲ್ಲಿನ ಕಟ್ಟೆ ನೇರವಾಗಿ ಗುಡ್ಡದತ್ತ ಹೋಗುತ್ತದೆ. ಏರು ಎಂಬುದೇ ಇಲ್ಲ, ಮಕ್ಕಳೂ ನಡೆಯಬಹುದು. ನಾನು ನೆರಳು ನೋಡಿಕೊಂಡು ಪಕ್ಕದ ಕಾಲುದಾರಿಗೆ ಇಳಿದೆ.

"ಬದಿಗೆ ಇಳೀಬ್ಯಾಡ್ರಿ ತಾಯಿ" ಎಂದರು ತಿಪ್ಪಣ್ಣ ಮಾವ. "ಹಳಿ ನಡುವ ಬರ್ರಿ."

"ಹಳಿ ಎಲ್ಲೈತೆ ಮಾವ?" ಎಂದರು ನಮ್ಮ ಯಜಮಾನರು.

"ಇಲ್ಲದಿದ್ರ ಏನಾತ್ರಿ? ಅದರ ಜಾಗ ಐತಲ್ರಿ."

ಹಾಗೆ ನಾವು ಐವರೂ ಇಲ್ಲದ ಹಳಿಗಳ ನಡುವೆ ಸಾಲಾಗಿ ನಡೆದೆವು. ಮಾವನ ಹೆಜ್ಜೆಯೇ ಬೇರೆ. ಹಳಿಯ ಕೆಳಗಿನ ಮರದ ದಿಮ್ಮಿ ಎಷ್ಟು ದೂರಕ್ಕೊಂದು ಇತ್ತೋ ಅಷ್ಟೇ ದೂರಕ್ಕೆ ಒಂದು ಹೆಜ್ಜೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಮ್ಮ ಯಜಮಾನರು ಹಿಪ್ಪುನೇರಳೆ ಸಾಲಿನಲ್ಲಿ ನಡೆದು ನಡೆದು ಪುಟ್ಟ ಹೆಜ್ಜೆ ಕಲಿತವರು. ಅವರಿಗೆ ಓಡಬೇಕಾಯಿತು. ವೀರೇಶನ ಸ್ಥಿತಿ ಇನ್ನೂ ಕಷ್ಟ. ಹದಿನೈದು ವರ್ಷ ಕೂತಲ್ಲೇ ಪೆಡಲು ಒತ್ತಿದ ಕಾಲು ಒಂದು ಕಿಲೋಮೀಟರಿಗೇ ಮರಗಟ್ಟಿತು. ಮೊದಲನೇ ಮೋರಿಯ ಮೇಲೆ ಅವನು ಕೂತ. ಎರಡನೇ ಮೋರಿಯಲ್ಲಿ ನಾನೂ ಕೂತೆ.

"ಮಾವನಿಗೆ ಆಯಾಸ ಆಯ್ತೇನೋ, ಈಗ ಹೇಳಕ್ಕ" ಎಂದು ಗೌರಿ ಪಿಸುಗುಟ್ಟಿದಳು. ನಾನು ನೋಡಿದೆ. ಮಾವ ಕೋಲಿನಿಂದ ಜಾಲಿಮುಳ್ಳು ಸರಿಸುತ್ತಾ, ಕೆಳಗಿಳಿದು ಮಳೆ ಕೊಚ್ಚಿದ ಕಡೆ ಕಲ್ಲು ಜೋಡಿಸುತ್ತಾ, ನಾವು ದಣಿವಾರಿಸಿಕೊಳ್ಳಲಿ ಎಂದು ಕಾಲ ಕಳೆಯುತ್ತಿದ್ದರು. ನನಗೇ ಉಸಿರು ಸಿಗದಿರುವಾಗ ಅವರಿಗೆ ವಿಶ್ರಾಂತಿ ತಗೊಳ್ಳಿ ಎಂದು ಯಾವ ಬಾಯಲ್ಲಿ ಹೇಳಲಿ? ಗೌರಿಗೆ ಒಂದು ಸೀತಾಫಲ ಕೊಟ್ಟು ಸುಮ್ಮನಿರಿಸಿದೆ.

ಅರ್ಧ ದಾರಿಯಲ್ಲಿ ಎದುರಿಗೆ ಮೂವರು ಹೆಂಗಸರು ಸೀತಾಫಲದ ಬುಟ್ಟಿ ಹೊತ್ತು ಬಂದರು. ಮುಂದಿದ್ದವಳು ವೀರೇಶನನ್ನು ಕಂಡು ದಂಗಾಗಿ ನಿಂತಳು. ಹುಲಿಗೆಮ್ಮ ಅಂತ, ಅವನ ಶೆಡ್ಡಿನಲ್ಲೇ ಗುಂಡಿ ಹಾಕುವವಳು.

"ಅಯ್ಯ, ಓನರು ನಡಕೊಂತ ಬಂದಾರ! ಮನ್ಯಾಗ ಏನಾರ ಆತೇನ್ರಿ?"

"ಏನಿಲ್ಲ, ಹಂಗ ತಿರುಗಾಕ ಬಂದೀವಿ. ನೀ ಯಾಕ ಈ ಕಾಡಾಗ?"

"ಮೂರು ವರ್ಷಾತು, ನಾವು ಎಂಟು ಮಂದಿ ಕೆಲಸಕ್ಕ ಬರೋದು ಇದ ದಾರ್‍ಯಾಗ ಅಲ್ರಿ? ರೋಡ್ ಹಿಡಿದು ಸುತ್ತಿ ಬಂದ್ರ ಒಂದು ತಾಸು ಹೆಚ್ಚು. ಈ ಯಜ್ಜ ದಿನಾ ಮುಳ್ಳು ತೆಗೆದು ಹಸನ ಮಾಡಿರ್ತಾನ. ಹೋದ ತಿಂಗಳು ಯಜ್ಜ ಬಿದ್ದು ಮಲಗಿದಾಗ ಮೋರಿ ಕೊಚ್ಚಿ ಹೋತು, ರೋಡ್ ಸುತ್ತಿ ಬರೋದಾತು. ತಡ ಆತು ಅಂತ ನೀವು ನಮ್ಮನ್ನ ಬೈದಿದ್ದ ಬೈದಿದ್ದು!"

ವೀರೇಶ ಮುಖ ತಿರುಗಿಸಿ ಗಿಡದಲ್ಲಿದ್ದ ಕಾಯಿಗಳನ್ನು ನೋಡತೊಡಗಿದ. ಆ ಎರಡು ವಾರ ಅವನು ಕೆಲಸದವರ ಸೋಮಾರಿತನದ ಬಗ್ಗೆ ಗೌರಿಯ ಫೋನ್ ಕಸಿದುಕೊಂಡು ನನಗೂ ಭಾಷಣ ಮಾಡಿದ್ದ. ನಾನೂ ಹೌದು ಹೌದು ಎಂದಿದ್ದೆ. ನನಗೂ ನಾಚಿಕೆಯಾಯಿತು. ಹೆಂಗಸರು ಮುಂದೆ ಹೋದ ಮೇಲೆ ಅವನು ಕೇಳಿದ:

"ಯಪ್ಪಾ, ಇಷ್ಟು ದಿನ ಯಾಕ ಹೇಳಲಿಲ್ಲ ನೀ?"

"ಡ್ಯೂಟಿ ಮಾಡೋನು ಡಂಗುರ ಹೊಡ್ಕೊಂತ ಹೋಕ್ಕಾನೇನಲೇ?" ಎಂದು ಮಾವ ಅದೇ ಹೆಜ್ಜೆಯಲ್ಲಿ ನಡೆದರು.

ಸ್ವಲ್ಪ ಮುಂದೆ ಗುಡ್ಡದ ಕಲ್ಲು ಕಡಿದು ರೈಲಿಗೆಂದು ಮಾಡಿದ ಓಣಿಯೊಂದು ಬಂತು, ಒಳಗೆ ತಂಪು. ಮಾವ ಅಲ್ಲಿ ಎಲ್ಲರನ್ನೂ ನಿಲ್ಲಿಸಿ ಎರಡೂ ಕಡೆ ಕಿವಿಗೊಟ್ಟು ಕೇಳಿದ ಮೇಲೆಯೇ ಒಳಗೆ ಬಿಟ್ಟರು. ರೈಲು ಬರುವುದಿಲ್ಲವೆಂದು ಐವರಿಗೂ ಗೊತ್ತು. ಆದರೂ ಒಳಹೊಕ್ಕ ನಮ್ಮ ಯಜಮಾನರು ಎರಡು ಸಲ ಹಿಂದಕ್ಕೆ ತಿರುಗಿ ನೋಡಿದರು.

ರಸ್ತೆ ಸೇರಿದಾಗ ನಾಲ್ಕೂಕಾಲು. ಊರಿಂದ ಅತ್ತೆಯ ಫೋನ್ ಬಂತು: "ಒಂದೆರಡು ಹುಳ ತಲೆ ಅಲ್ಲಾಡಿಸ್ತಾ ಅವೆ ಕಣ್ರೋ, ಬೇಗ ಬನ್ನಿ." ನಮ್ಮ ಯಜಮಾನರು ರಸ್ತೆಯ ನಡುವೆಯೇ ನಿಂತು ಬಸ್ಸಿನ ದಿಕ್ಕು ನೋಡತೊಡಗಿದರು. ವೀರೇಶ ಕಲ್ಲಿನ ಮೇಲೆ ಕೂತು ಮೀನಖಂಡ ತಿಕ್ಕುತ್ತಾ, ಊರಿಗೆ ಮರಳಲು ಆಟೋ ಸಿಕ್ಕೀತೇ ಎಂದು ಗೌರಿಯನ್ನು ಕೇಳುತ್ತಿದ್ದ. ತಿಪ್ಪಣ್ಣ ಮಾವ ನನ್ನ ಹತ್ತಿರ ಬಂದರು.

"ನೀವು ನನಗ ಏನೋ ಹೇಳಾಕ ಬಂದಿರಂತ? ಗೌರಿ ನಾಕು ದಿನದಿಂದ ಒಳಗೊಳಗ ಒದ್ದಾಡಾಕ ಹತ್ಯಾಳ. ಹೇಳ್ರಿ ತಾಯಿ, ಬಸ್ ಬಂತು."

ಅವರ ದನಿ ಸಣ್ಣದಾಗಿತ್ತು. ನಾನು ಏನೇ ಹೇಳಿದರೂ ಆಗಲಿ ಎನ್ನುವುದಕ್ಕೆ ಅವರು ಸಿದ್ಧರಾಗಿಯೇ ಬಂದಿದ್ದರು. ನಡೆಯಬೇಡಿ ಎಂದಿದ್ದರೆ ಆ ಮನುಷ್ಯ ನಾಳೆಯಿಂದ ನಿಜವಾಗಿಯೂ ಕೂತುಬಿಡುತ್ತಿದ್ದರು.

"ಹೌದು ಮಾವ" ಎಂದೆ. "ಇನ್ನು ಮೇಲೆ ಒಬ್ಬರೇ ಹೋಗಬೇಡಿ. ಮಗನನ್ನೂ ಕರ್ಕೊಂಡು ಹೋಗಿ."

ವೀರೇಶ ತಿಕ್ಕುವುದನ್ನು ನಿಲ್ಲಿಸಿದ. ಇಲ್ಲ ಅನ್ನಲು ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಮುಚ್ಚಿದ. ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಮೊದ್ಲ ಟೆಂಪರರಿ ತಗೊಂತೀನ್ರಿ" ಎಂದರು. "ಕೆಲಸ ನೋಡಿ ಆಮ್ಯಾಲೆ ಪರ್ಮನೆಂಟ್."

ಬಸ್ಸು ಹತ್ತಿ ಹಿಂದಿನ ಕಿಟಕಿಯಿಂದ ನೋಡಿದೆ. ಗೌರಿಯೊಬ್ಬಳೇ ರಸ್ತೆಯಲ್ಲಿ ಆಟೋಗೆ ಕೈ ಅಡ್ಡ ಹಾಕುತ್ತಿದ್ದಳು. ಅಪ್ಪ ಮಗ ಆಗಲೇ ಕಟ್ಟೆ ಹತ್ತಿದ್ದರು. ಮುಂದೆ ಹೋಗುತ್ತಿದ್ದ ತಿಪ್ಪಣ್ಣ ಮಾವ ಇದ್ದಕ್ಕಿದ್ದಂತೆ ನಿಂತು, ಹಿಂದಕ್ಕೆ ತಿರುಗಿ, ವೀರೇಶ ದಾಟಿ ಬಂದಿದ್ದ ಒಂದು ಕಲ್ಲನ್ನು ಕೋಲಿನಿಂದ ತೋರಿಸಿದರು. ವೀರೇಶ ಕುಂಟುತ್ತಾ ವಾಪಸು ಹೋಗಿ ಅದನ್ನು ಎತ್ತಿ ಬದಿಗೆ ಹಾಕಿದ.