ಸಂತನ ಮರದ ಹುಡಿ

ನಮ್ಮ ಚಿಕ್ಕಪ್ಪ ಕ್ರಿಸಾಂತೊ ಲಗುನ ಸರೋವರದ ದಂಡೆಯ ನಮ್ಮೂರಿನಲ್ಲಿ ನಲವತ್ತು ವರ್ಷ ಉಳಿ ಹಿಡಿದವನು. ಕೆತ್ತಿದ್ದು ಸಂತರನ್ನು, ಕೊರೆದದ್ದು ನೆರೆಹೊರೆಯವರ ತಲೆಯನ್ನು. ಹಲ್ಲುನೋವಿನಿಂದ ಹೆಣ್ಣು ನೋಡುವವರೆಗೆ ಎಲ್ಲದಕ್ಕೂ ಅವನ ಸಲಹೆ ಸಿದ್ಧ. ಸಂತನನ್ನು ಕೆತ್ತುವಾಗ ಮರದಿಂದ ಉದುರಿದ ಹುಡಿಯನ್ನು ಎಸೆಯಬಾರದು, ಒಲೆಗೂ ಹಾಕಬಾರದು ಎನ್ನುವುದು ಅವನದೇ ಕಟ್ಟಳೆ. ಹಾಗಾಗಿ ಹಿತ್ತಿಲ ಕೊಟ್ಟಿಗೆಯಲ್ಲಿ ಹುಡಿಯ ಚೀಲಗಳು ಬೆಳೆಯುತ್ತಲೇ ಇದ್ದವು.

ಪಕ್ಕದ ಮನೆಯ ವಿಧವೆ ಬಿಬಿಯಾನ ಮೂವತ್ತು ಕೋಳಿಮರಿ ತಂದು ಬಲ್ಬು ಉರಿಯುವ ಪೆಟ್ಟಿಗೆಯಲ್ಲಿ ಬಿಟ್ಟಿದ್ದಳು. ಮೊಟ್ಟೆ ಮಾರಿಯೇ ಇನ್ನು ಅವಳ ಮನೆ ನಡೆಯಬೇಕು. ಕೆಳಗೆ ಹಾಸಿದ್ದ ಪೇಪರಿನ ಮೇಲೆ ಮರಿಗಳು ಕಾಲು ಜಾರಿ ಅಂಗಾತ ಬೀಳುತ್ತಿದ್ದವು.

"ಪೇಪರ್ ಹಾಸಿದೀಯಲ್ಲೇ, ಅವೇನು ಓದ್ತಾವಾ?" ಎಂದ ಚಿಕ್ಕಪ್ಪ.

"ಗಿರಣಿಯಿಂದ ಭತ್ತದ ಹೊಟ್ಟು ತರಣಾಂತಿದ್ದೆ ಕುಯಾ," ಎಂದಳು. ನಮ್ಮಲ್ಲಿ ಅಣ್ಣನಿಗೆ ಕುಯಾ ಎನ್ನುತ್ತಾರೆ.

"ಹೊಟ್ಟು ಯಾಕೆ? ಸಂತ ರೋಕನ್ನ ಕೆತ್ತಿದ ಹುಡಿ ಇದೆ, ತಗೊಂಡ್ಹೋಗು. ರೋಕ ಇದ್ದಲ್ಲಿ ರೋಗ ಇಲ್ಲ!"

ಸುದ್ದಿ ಹಬ್ಬಿತು. ಕೋಳಿಮರಿ ಸಾಕುವ ಇನ್ನೂ ಮೂರು ಮನೆಗೆ ಒಂದೊಂದು ಚೀಲ ಹೋಯಿತು.

ಆ ಮರ ಹಳೆಯ ಇಗರ್ಜಿಯ ತೊಲೆ. ಅದಕ್ಕೆ ಗೆದ್ದಲಿನ ಔಷಧಿ ಬಳಿದವನೂ ಚಿಕ್ಕಪ್ಪನೇ. ಮರೆತಿದ್ದನೆಂದರೆ ಸುಳ್ಳಾದೀತು. ಚೀಲ ಕೊಡುವಾಗ ನೆನಪಾಗಿತ್ತು. ಇಷ್ಟು ದಿನಕ್ಕೆ ಗಾಳಿಗೆ ಹೋಗಿರುತ್ತದೆ ಎಂದು ಸುಮ್ಮನಾಗಿದ್ದ. ಅಷ್ಟು ಜನ ಹೊಗಳುವಾಗ ಯಾರು ತಾನೇ ಬಾಯಿ ಬಿಟ್ಟಾರು?

ಮರಿಗಳಿಗೆ ಸಂತನೂ ಗೊತ್ತಿಲ್ಲ, ಹುಡಿಯೂ ಗೊತ್ತಿಲ್ಲ. ನುಚ್ಚೆಂದುಕೊಂಡು ಕುಕ್ಕಿ ತಿಂದವು. ಮೂರನೆಯ ದಿನಕ್ಕೆ ಹನ್ನೊಂದು ಸತ್ತವು.

ಬಿಬಿಯಾನ ಖಾಲಿ ಚೀಲ ಹಿಡಿದು ಬಂದಳು. "ತಪ್ಪು ನಂದೇ ಕುಯಾ. ಅರೆಮನಸ್ಸಲ್ಲಿ ತೆಳ್ಳಗೆ ಹಾಸ್ಬಿಟ್ಟೆ. ಇನ್ನೊಂದು ಚೀಲ ಕೊಡ್ತೀರಾ?"

"ಹಾಂ... ನಾಳೆ ನೋಡಣ," ಎಂದ ಚಿಕ್ಕಪ್ಪ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡ. ನಾನು ಊಟಕ್ಕೆ ಕರೆದರೂ ಬರಲಿಲ್ಲ. ಅನ್ನ, ಸುಟ್ಟ ಮೀನು ಎರಡೂ ಆರಿದವು. ಕೊನೆಗೆ ತಾನಾಗಿಯೇ ಎದ್ದು ಅವಳ ಹಿತ್ತಿಲಿಗೆ ಹೋದ. ಹಿಂದೆ ನಾನೂ ಹೋದೆ.

"ಪೆಟ್ಟಿಗೆ ಖಾಲಿ ಮಾಡು ಬಿಬಿಯಾನ. ಆ ಮರಕ್ಕೆ ಗೆದ್ದಲಿನ ಔಷಧಿ ಬಳ್ದಿದ್ದೆ. ಗೊತ್ತಿದ್ದೂ ಕೊಟ್ಟೆ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬದುಕಿದ್ದ ಮರಿಗಳನ್ನು ಒಂದೊಂದಾಗಿ ಮಡಿಲಿಗೆ ಎತ್ತಿಕೊಳ್ಳುತ್ತ, "ಉಳಿದ ಮೂರು ಮನೆಗೆ ಹೇಳಿದ್ರಾ?" ಎಂದು ಕೇಳಿದಳು.

"ಇನ್ನೂ ಇಲ್ಲ."

"ಮತ್ತೆ ಇಲ್ಯಾಕೆ ನಿಂತಿದೀರಿ?"

ಮೊದಲ ಮನೆಯಲ್ಲಿ 'ಗಾಳಿಗೆ ಹೋಗಿರುತ್ತೆ ಅಂದ್ಕೊಂಡೆ' ಎಂಬ ಬಾಲವನ್ನೂ ಸೇರಿಸಿ ಹೇಳಿದ. ಎರಡನೆಯ ಮನೆಗೆ ಬರುವಷ್ಟರಲ್ಲಿ ಬಾಲ ಕತ್ತರಿಸಿಹೋಗಿತ್ತು. ಮೂರನೆಯದು ಹೂ ಮಾರುವ ಎಸ್ಕೊಲಾಸ್ತಿಕಳ ಮನೆ. ಅಲ್ಲಿ ಮರಿಗಳಿನ್ನೂ ಚಿಲಿಪಿಲಿ ಎನ್ನುತ್ತಿದ್ದವು. ವಿಷಯ ಹೇಳಿ ಚಿಕ್ಕಪ್ಪ ಮೊಣಕಾಲೂರಿ, ಪೆಟ್ಟಿಗೆಯೊಳಗೆ ತಲೆ ಹಾಕಿ, ಎರಡೂ ಕೈಯಲ್ಲಿ ಹುಡಿ ಬಾಚತೊಡಗಿದ.

"ಅಯ್ಯೋ ದೇವ್ರೇ! ಇಗರ್ಜೀಲೂ ಇಷ್ಟು ಬಗ್ಗಿದ್ದು ಕಾಣೆ ನಿಮ್ಮನ್ನ! ಈಗ ಇವಕ್ಕೆ ಏನು ಹಾಸ್ಲಿ, ಕುಯಾ?"

ಅವನು ತಲೆ ಎತ್ತಲಿಲ್ಲ.

"ಬಿಬಿಯಾನನ್ನ ಕೇಳು," ಎಂದ.